ಕಿವಿಮಾತು, ಅಂಕಣ, ಔಷಧಿ ಚೀಟಿ: ನಿತ್ಯಾರೋಗ್ಯದ ಕನ್ನಡ ಗದ್ಯವನ್ನು ಕುರಿತು

ಪತ್ರಿಕೆಗಳ ವಾರದ ಪುರವಣಿಗಳಲ್ಲಿ, ಮಾಸಿಕಗಳಲ್ಲಿ, ಕಿರುಹೊತ್ತಗೆಗಳಲ್ಲಿ ಅಚ್ಚಾಗುವ ಆರೋಗ್ಯ ಲೇಖನ ಕನ್ನಡದಲ್ಲಿ ವ್ಯಾಪಕವಾಗಿ ಓದಿಸಿಕೊಳ್ಳುವ ಗದ್ಯಪ್ರಕಾರಗಳಲ್ಲಿ ಒಂದು. ಕಾದಂಬರಿಯನ್ನೇ ಮುಟ್ಟದ ಮನೆಗಳಲ್ಲಿಯೂ ಮಧುಮೇಹದ ಪಥ್ಯ, ಮಂಡಿನೋವು, ಮಕ್ಕಳ ಕೆಮ್ಮು, ನಿದ್ರಾಹೀನತೆ ಇವುಗಳನ್ನು ಕುರಿತ ಬರಹವನ್ನು ಕತ್ತರಿಸಿ ಇಟ್ಟುಕೊಳ್ಳುವವರಿದ್ದಾರೆ. ಆದರೂ ವಿಮರ್ಶೆ ಈ ಗದ್ಯವನ್ನು ತನ್ನ ವ್ಯಾಪ್ತಿಯೊಳಗೆ ತಂದುಕೊಂಡದ್ದು ಕಡಿಮೆ. ಅದನ್ನು ವಿಜ್ಞಾನ ಸಾಹಿತ್ಯದ ಕೋಣೆಗೆ ಕಳುಹಿಸಿ, ಅಲ್ಲಿ ಮಾಹಿತಿ ಸರಿಯೋ ತಪ್ಪೋ ಎಂಬ ಒಂದೇ ಅಳತೆಗೋಲಿನಿಂದ ಅಳೆಯುವುದು ರೂಢಿಯಾಗಿದೆ. ಮಾಹಿತಿಯ ಸತ್ಯಾಸತ್ಯತೆ ಮುಖ್ಯವೇ ಸರಿ. ಆದರೆ ಅದೇ ಮಾಹಿತಿ ಯಾವ ಕ್ರಿಯಾಪದದಲ್ಲಿ, ಯಾರನ್ನು ಕರೆದು, ಯಾವ ಪದದಿಂದ ಹೇಳಲ್ಪಟ್ಟಿದೆ ಎಂಬುದರ ಮೇಲೆ ಓದುಗ ಏನು ಮಾಡುತ್ತಾನೆ ಎಂಬುದು ನಿರ್ಧಾರವಾಗುತ್ತದೆ. ಇದು ಭಾಷೆಯ ಪ್ರಶ್ನೆ. ಆದುದರಿಂದ ವಿಮರ್ಶೆಯ ಪ್ರಶ್ನೆಯೂ ಹೌದು.

ಈ ಗದ್ಯದ ಬಹುಭಾಗವನ್ನು ಇಂದು ಬರೆಯುತ್ತಿರುವವರು ಯಾವ ಆಸ್ಪತ್ರೆಗೂ ಯಾವ ಪತ್ರಿಕೆಗೂ ಸೇರದ ಸ್ವತಂತ್ರ ಬರಹಗಾರರು. ಅವರ ಆಕರಗಳು ಹೆಚ್ಚಾಗಿ ಇಂಗ್ಲಿಷಿನವು. ಅವರ ಬರವಣಿಗೆ ಕನ್ನಡದ್ದು. ಅಂದರೆ ಅವರು ಮಾಡುತ್ತಿರುವುದು ಅನುವಾದವೆಂದು ಹೇಳಿಕೊಳ್ಳದ ಅನುವಾದ. ಅನುವಾದವೆಂದು ಗುರುತಿಸಿದ ಕೂಡಲೆ ಅದಕ್ಕೆ ಅನುವಾದದ ಮಾನದಂಡಗಳು ಅನ್ವಯವಾಗುತ್ತವೆ: ಏನು ದಾಟಿ ಬಂದಿದೆ, ಏನು ದಾರಿಯಲ್ಲಿ ಉದುರಿದೆ, ಯಾವ ಓದುಗನಿಗಾಗಿ ಈ ದಾಟುವಿಕೆ ನಡೆದಿದೆ. ಕರ್ನಾಟಕದ ಗಡಿಯಾಚೆ ನೆಲೆಸಿದ, ಮನೆಯಲ್ಲಿ ಕನ್ನಡವಾಡಿ ಆಸ್ಪತ್ರೆಯಲ್ಲಿ ಮತ್ತೊಂದು ಭಾಷೆಯನ್ನು ಎದುರಿಸುವ ಓದುಗನ ಕಡೆಯಿಂದ ನೋಡಿದಾಗ ಈ ಪ್ರಶ್ನೆಗಳು ಇನ್ನಷ್ಟು ಹರಿತವಾಗುತ್ತವೆ.

ಹಿಂದಿನ ನಂಟು

ಜನಸಾಮಾನ್ಯರ ನಿತ್ಯಬಳಕೆಗೆಂದು ದೇಹದ ಬಗ್ಗೆ ಬರೆಯುವುದು ಕನ್ನಡಕ್ಕೆ ಹೊಸದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ ಮನೆ ಕಟ್ಟುವುದು, ನೀರಿನ ಸೆಲೆ ನೋಡುವುದು, ಗಿಡಮರಗಳ ಆರೈಕೆ, ಅಡುಗೆ, ವೈದ್ಯ ಇವುಗಳನ್ನೆಲ್ಲ ಒಂದೇ ಹೊತ್ತಗೆಯಲ್ಲಿ ತಂದಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಸಂಸ್ಕೃತದ ವೈದ್ಯವನ್ನು ಕನ್ನಡಕ್ಕೆ ತಂದಿತು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಯನ್ನು ವಸ್ತುವಾಗಿ ಆರಿಸಿಕೊಂಡಿತು. ಇವುಗಳಲ್ಲಿ ‘ಲೋಕೋಪಕಾರ’ ಎಂಬ ಹೆಸರು ಈ ಚರ್ಚೆಗೆ ವಿಶೇಷವಾಗಿ ಪ್ರಸ್ತುತ. ಆರೋಗ್ಯವನ್ನು ಅಡುಗೆ, ಬಾವಿ, ತೋಟಗಳಿಂದ ಬೇರ್ಪಡಿಸದೆ ಬದುಕಿನ ವ್ಯವಸ್ಥೆಯ ಒಂದು ಭಾಗವಾಗಿ ನೋಡುವ ಕ್ರಮ ಅಲ್ಲಿದೆ. ಇಂದು ‘ಜೀವನಶೈಲಿ’ ಎಂಬ ಪುರವಣಿಯ ಶೀರ್ಷಿಕೆಯಡಿ ಬರುವ ವಸ್ತುವೈವಿಧ್ಯಕ್ಕೆ ಒಂಬೈನೂರು ವರ್ಷಗಳಿಗೂ ಹಿಂದಿನ ಪೂರ್ವಜ ಕನ್ನಡದಲ್ಲಿಯೇ ಇದ್ದಾನೆ ಎಂಬುದನ್ನು ನೆನೆದರೆ ಸಾಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿ ವೃತ್ತಿನಿರತ ವೈದ್ಯರು ಮುಂದಿದ್ದರು. ‘ಕೊರವಂಜಿ’ಯ ಸಂಪಾದಕ, ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆರೋಗ್ಯ ವಿಷಯಕ ಗದ್ಯಕ್ಕೆ ಸಾಹಿತ್ಯದ ಮನ್ನಣೆ ದೊರೆತ ಅಪರೂಪದ ಸಂದರ್ಭ ಅದು. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರ ಕಿರುಹೊತ್ತಗೆಗಳು ಮನೋರೋಗವೆಂದರೆ ದೆವ್ವ, ಶಾಪ ಎಂಬ ಗ್ರಹಿಕೆಯ ವಿರುದ್ಧ ದಶಕಗಳ ಕಾಲ ಸದ್ದಿಲ್ಲದೆ ಕೆಲಸ ಮಾಡಿದವು. ಆದರೆ ಈ ಗದ್ಯದ ಸಾಧ್ಯತೆ ಮತ್ತು ಮಿತಿಗಳೆರಡನ್ನೂ ಒಟ್ಟಿಗೆ ತೋರಬಲ್ಲ ಬರಹಗಾರ್ತಿಯೆಂದರೆ ಡಾ. ಅನುಪಮಾ ನಿರಂಜನ.

ಕರೆಯುವ ಬಗೆ

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ವೈದ್ಯಕೀಯ ಓದಿ, 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಅನುಪಮಾ ಕಾದಂಬರಿ, ಸಣ್ಣಕಥೆ, ಮಕ್ಕಳ ಕಥೆಗಳ ಜೊತೆಯಲ್ಲಿ ಆರೋಗ್ಯ ಸಾಹಿತ್ಯವನ್ನೂ ನಿರಂತರವಾಗಿ ಬರೆದರು. ಕಯ್ಯೂರಿನ ರೈತ ಹೋರಾಟವನ್ನು ‘ಚಿರಸ್ಮರಣೆ’ಯಾಗಿಸಿದ ನಿರಂಜನರ ಮನೆಯೇ ಅವರ ಬರವಣಿಗೆಯ ಮನೆಯೂ ಆಗಿತ್ತು. ಅವರ ಆರೋಗ್ಯ ಕೃತಿಗಳ ಶೀರ್ಷಿಕೆಗಳನ್ನು ಸಾಲಾಗಿ ಇಟ್ಟು ನೋಡಬೇಕು: ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’.

‘ಕೇಳು ಕಿಶೋರಿ’ ಎಂಬುದು ಏಕವಚನದ ಸಂಬೋಧನೆ. ಮನೆಯ ಹಿರಿಯಳೊಬ್ಬಳು ಹತ್ತಿರ ಕೂರಿಸಿಕೊಂಡು ಹೇಳುವಾಗಿನ ಏಕವಚನ ಅದು; ಅದರಲ್ಲಿ ಸಲಿಗೆಯಿದೆ, ಹೊಣೆಯೂ ಇದೆ. ‘ಕಿವಿಮಾತು’ ಮತ್ತೂ ಸೂಕ್ಷ್ಮವಾದ ಪದ. ನಾಲ್ಕು ಜನರ ಮುಂದೆ ಹೇಳಲಾಗದ್ದನ್ನು, ಆದರೆ ಹೇಳದೆ ಬಿಡಲಾಗದ್ದನ್ನು, ಹೇಳುವ ರೀತಿಗೆ ಕನ್ನಡ ಇಟ್ಟ ಹೆಸರದು. ಮುಟ್ಟು, ಗರ್ಭ, ಬಾಣಂತನ ಇವುಗಳ ಅರಿವು ಹೆಣ್ಣಿನಿಂದ ಹೆಣ್ಣಿಗೆ ಪಿಸುಮಾತಿನಲ್ಲಿ ಸಾಗುತ್ತಿತ್ತು. ಆ ಅರಿವಿನ ಜೊತೆಗೆ ಭಯ, ಮೈಲಿಗೆ, ಮೌನಗಳೂ ಸಾಗುತ್ತಿದ್ದವು. ಅನುಪಮಾ ಪಿಸುಮಾತಿನ ಆಪ್ತತೆಯನ್ನು ಉಳಿಸಿಕೊಂಡು ಅದರೊಳಗಿನ ಅರಿವನ್ನು ವೈದ್ಯವಿಜ್ಞಾನದಿಂದ ಬದಲಿಸಲು ಹೊರಟರು. ಅಚ್ಚಾದ ಪುಸ್ತಕ ಕಿವಿಮಾತಾಗುವುದು ತೋರಿಕೆಗೆ ವಿರೋಧಾಭಾಸ. ಆದರೆ ಬಾಗಿಲು ಮುಚ್ಚಿಕೊಂಡು ಒಬ್ಬಳೇ ಓದುವ ಹೆಣ್ಣಿನ ಮಟ್ಟಿಗೆ ಪುಸ್ತಕಕ್ಕಿಂತ ಗುಟ್ಟು ಕಾಯುವ ಹಿರಿಯಳು ಬೇರೆ ಇಲ್ಲ.

ಇಲ್ಲಿ ಪದಗಳ ಆಯ್ಕೆಯ ಸಮಸ್ಯೆ ಎದುರಾಗುತ್ತದೆ. ಮುಟ್ಟಿನ ವಿಷಯಕ್ಕೆ ಕನ್ನಡದಲ್ಲಿ ಕನಿಷ್ಠ ಮೂರು ಪಾತಳಿಯ ಮಾತುಗಳಿವೆ. ‘ಹೊರಗಾಗುವುದು’, ‘ದೂರ ಕೂರುವುದು’ ಎಂಬವು ಆಚರಣೆಯನ್ನು ಹೆಸರಿಸುತ್ತವೆ, ದೇಹವನ್ನಲ್ಲ. ‘ಮುಟ್ಟು’ ನೇರವಾದ ಮಾತು. ಅದರಲ್ಲಿಯೂ ಮುಟ್ಟುವ, ಮುಟ್ಟದ ಕಟ್ಟಳೆಯ ನೆರಳಿದೆ. ‘ಋತುಸ್ರಾವ’ ಪಠ್ಯಪುಸ್ತಕದ ಮಾತು. ಶುಚಿಯಾದದ್ದು, ಆದರೆ ಯಾರೂ ತಾಯಿಯ ಬಳಿ ಆಡುವ ಮಾತಲ್ಲ. ಆರೋಗ್ಯದ ಬಗ್ಗೆ ಬರೆಯುವವರು ಪ್ರತಿ ಪುಟದಲ್ಲಿಯೂ ಈ ಮೂರರ ನಡುವೆ ಆಯಬೇಕಾಗುತ್ತದೆ. ಮೊದಲನೆಯದನ್ನೇ ಆಯ್ದರೆ ಮೈಲಿಗೆಯನ್ನು ಒಪ್ಪಿದಂತೆ. ಮೂರನೆಯದನ್ನೇ ಆಯ್ದರೆ ಓದುಗಳನ್ನು ಬಾಗಿಲಲ್ಲಿ ನಿಲ್ಲಿಸಿದಂತೆ. ಬಾಲಕಿಯ ಮನೆಮಾತಿನಿಂದ ಹೊರಟು ವೈದ್ಯರ ಮಾತಿಗೆ ಮುಟ್ಟಿಸುವ ಮೆಟ್ಟಿಲುಗಳನ್ನು ಕಟ್ಟುವುದೇ ಈ ಪ್ರಕಾರದ ನಿಜವಾದ ಕುಶಲತೆ. ಕಾದಂಬರಿಕಾರ್ತಿಯೂ ವೈದ್ಯೆಯೂ ಆದವರಿಗೆ ಈ ಎರಡೂ ತುದಿಗಳು ಪರಿಚಿತವಾಗಿದ್ದದ್ದು ಕನ್ನಡದ ಭಾಗ್ಯ.

ಆದರೆ ಅದೇ ಶೀರ್ಷಿಕೆಗಳ ಸಾಲು ಮತ್ತೊಂದನ್ನೂ ತೋರುತ್ತದೆ. ಕಿಶೋರಿ, ವಧು, ದಂಪತಿ, ತಾಯಿ ಎಂಬ ಈ ಅನುಕ್ರಮ ಒಂದು ಜೀವನಚರಿತ್ರೆಯ ಚೌಕಟ್ಟು. ಹೆಣ್ಣಿನ ಆರೋಗ್ಯ ಮದುವೆಯ ದಾರಿಯಲ್ಲಿಯೇ ಸಾಗುತ್ತದೆ ಎಂಬ ಊಹೆ ಈ ಚೌಕಟ್ಟಿನಲ್ಲಿದೆ. ಮದುವೆಯಾಗದವಳು, ಮಕ್ಕಳಿಲ್ಲದವಳು, ಹೆರುವ ವಯಸ್ಸು ದಾಟಿದವಳು ಈ ಶೀರ್ಷಿಕೆಗಳ ಕರೆಗೆ ಓಗೊಡುವುದು ಹೇಗೆ? ಇದು ಅನುಪಮಾ ಒಬ್ಬರ ಮಿತಿಯಲ್ಲ. ಅವರ ಕಾಲದ ಪ್ರಕಾಶನದ, ಓದುಗ ಮಾರುಕಟ್ಟೆಯ, ಆರೋಗ್ಯ ಇಲಾಖೆಯ ‘ತಾಯಿ ಮತ್ತು ಮಗು’ ಎಂಬ ಪರಿಕಲ್ಪನೆಯ ಮಿತಿ ಕೂಡ. ಕುತೂಹಲದ ಸಂಗತಿಯೆಂದರೆ, ಅದೇ ಲೇಖಕಿ ಕಾದಂಬರಿಯಲ್ಲಿ ಈ ಚೌಕಟ್ಟನ್ನು ಮುರಿದರು. ‘ಮಾಧವಿ’ಯ ವಸ್ತು ಮಹಾಭಾರತದ ಯಯಾತಿಯ ಮಗಳದ್ದು, ಗುರುದಕ್ಷಿಣೆಯ ಕುದುರೆಗಳಿಗಾಗಿ ರಾಜನಿಂದ ರಾಜನಿಗೆ ಒಪ್ಪಿಸಲ್ಪಟ್ಟು ಗಂಡುಮಕ್ಕಳನ್ನು ಹೆತ್ತುಕೊಟ್ಟವಳ ಕಥೆ ಅದು. ಹೆಣ್ಣಿನ ಗರ್ಭ ಅನ್ಯರ ವಿನಿಮಯದ ವಸ್ತುವಾಗುವುದನ್ನು ಕಾದಂಬರಿಕಾರ್ತಿ ಎದುರಿಸಿದ್ದಾರೆ. ಆರೋಗ್ಯ ಕೃತಿಗಳ ಪಕ್ಕದಲ್ಲಿ ‘ಮಾಧವಿ’ಯನ್ನು ಇಟ್ಟು ಓದಿದಾಗಲೇ ಒಂದು ಪ್ರಕಾರ ಕೇಳಲಾರದ ಪ್ರಶ್ನೆಯನ್ನು ಅದೇ ಲೇಖಕಿ ಇನ್ನೊಂದು ಪ್ರಕಾರದಲ್ಲಿ ಕೇಳಿದ್ದು ಕಾಣುತ್ತದೆ. ಆರೋಗ್ಯ ಸಾಹಿತ್ಯವನ್ನು ಪ್ರತ್ಯೇಕ ಕೋಣೆಯಲ್ಲಿಡುವ ವಿಮರ್ಶೆಗೆ ಈ ನಂಟು ಕಾಣಲಾರದು.

‘ಬಹುದು’ ಎಂಬ ಕ್ರಿಯಾಪದ

ವೈದ್ಯರಾಗಿ ಬರೆದವರಿಗೆ ತಮ್ಮ ಚಿಕಿತ್ಸಾಲಯದ ಅನುಭವವೇ ಆಧಾರ. ಎದುರಿಗೆ ಕೂತ ರೋಗಿ ಮರುದಿನ ಬಂದು ‘ನೀವು ಹೇಳಿದ ಹಾಗೆ ಮಾಡಿದೆ, ಕಡಿಮೆಯಾಗಲಿಲ್ಲ’ ಎಂದು ಹೇಳುವ ಸಾಧ್ಯತೆ ಅವರ ವಾಕ್ಯವನ್ನು ತಿದ್ದುತ್ತಿತ್ತು. ಸ್ವತಂತ್ರ ಬರಹಗಾರನಿಗೆ ಆ ಕನ್ನಡಿ ಇಲ್ಲ. ಅವನ ಮುಂದಿರುವುದು ಇಂಗ್ಲಿಷಿನ ಒಂದು ಸಂಶೋಧನಾ ವರದಿಯ ಸಾರಾಂಶ, ಪದಮಿತಿ, ಮತ್ತು ಗಡುವು. ಸಂಭಾವನೆ ಲೇಖನಕ್ಕಿಷ್ಟು ಎಂದು ಗೊತ್ತಾಗಿರುತ್ತದೆ. ಎಷ್ಟೋ ವೇಳೆ ಅದೂ ಇರುವುದಿಲ್ಲ. ಈ ಸ್ಥಿತಿಯಲ್ಲಿ ಹುಟ್ಟುವ ಗದ್ಯದ ದೋಷಗಳನ್ನು ಬರಹಗಾರನ ಅಪ್ರಾಮಾಣಿಕತೆಗೆ ಆರೋಪಿಸುವುದು ಸುಲಭ, ಆದರೆ ನ್ಯಾಯವಲ್ಲ. ದೋಷ ಎಲ್ಲಿ ನುಸುಳುತ್ತದೆ ಎಂಬುದನ್ನು ವ್ಯಾಕರಣದ ಮಟ್ಟದಲ್ಲಿ ತೋರಿಸುವುದು ಹೆಚ್ಚು ಉಪಯುಕ್ತ.

ಸಂಶೋಧನಾ ವರದಿಯ ಸಹಜ ವಾಕ್ಯ ಹೀಗಿರುತ್ತದೆ: ಇಂಥ ಆಹಾರಕ್ರಮವನ್ನು ಅನುಸರಿಸಿದವರಲ್ಲಿ ಈ ಕಾಯಿಲೆ ಕಡಿಮೆ ಪ್ರಮಾಣದಲ್ಲಿ ಕಂಡುಬಂತು. ಕನ್ನಡದ ಲೇಖನದಲ್ಲಿ ಅದು ‘ಈ ಆಹಾರ ಕಾಯಿಲೆಯನ್ನು ತಡೆಯುತ್ತದೆ’ ಎಂದಾಗುತ್ತದೆ. ತಲೆಬರಹಕ್ಕೆ ಬರುವ ಹೊತ್ತಿಗೆ ‘ಕಾಯಿಲೆಗೆ ರಾಮಬಾಣ’. ಮೊದಲ ವಾಕ್ಯದಲ್ಲಿದ್ದದ್ದು ಒಂದು ಗುಂಪಿನ ಬಗೆಗಿನ, ಒಂದು ಕಾಲಾವಧಿಯ ಭೂತಕಾಲದ ಗಮನಿಕೆ. ಎರಡನೆಯದರಲ್ಲಿ ಅದು ಎಲ್ಲರಿಗೂ ಎಂದಿಗೂ ಸಲ್ಲುವ ಗುಣಧರ್ಮವಾಯಿತು. ಕನ್ನಡದ ‘-ುತ್ತದೆ’ ರೂಪ ‘ಬೆಂಕಿ ಸುಡುತ್ತದೆ’ ಎನ್ನುವಾಗಿನ ನಿತ್ಯಸತ್ಯದ ರೂಪ. ಮೂರನೆಯದರಲ್ಲಿ ಅದು ಪುರಾಣವಾಯಿತು. ರಾಮನ ಬಾಣ ಗುರಿ ತಪ್ಪುವುದಿಲ್ಲ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ. ಎರಡು ಸಲ ಕ್ರಿಯಾಪದ ಬದಲಾಗಿದೆ, ಅಷ್ಟೆ.

ಎಚ್ಚರವುಳ್ಳ ಬರಹಗಾರ ‘ತಡೆಯುತ್ತದೆ’ ಎಂಬುದನ್ನು ‘ತಡೆಯಬಹುದು’ ಎಂದು ತಿದ್ದುತ್ತಾನೆ. ಅದು ಒಳ್ಳೆಯ ತಿದ್ದುಪಡಿ, ಆದರೆ ಅಲ್ಲಿಯೂ ತೊಡಕಿದೆ. ಕನ್ನಡದ ‘ಬಹುದು’ ಸಂಭವವನ್ನೂ ಅನುಮತಿಯನ್ನೂ ಒಟ್ಟಿಗೆ ಸೂಚಿಸುತ್ತದೆ. ‘ಸಂಜೆ ಮಳೆ ಬರಬಹುದು’ ಎಂಬುದು ಸಂಭವ. ‘ನೀವಿನ್ನು ಹೋಗಬಹುದು’ ಎಂಬುದು ಅನುಮತಿ. ‘ಈ ಕಷಾಯ ಕುಡಿಯುತ್ತ ಬಂದರೆ ಮಾತ್ರೆಯ ಪ್ರಮಾಣವನ್ನು ತಗ್ಗಿಸಬಹುದು’ ಎಂಬ ವಾಕ್ಯವನ್ನು ಓದಿದವನು ಏನೆಂದು ತಿಳಿಯಬೇಕು? ಮುಂದೆ ವೈದ್ಯರು ಪ್ರಮಾಣ ತಗ್ಗಿಸುವ ಸಂಭವವಿದೆ ಎಂದೇ, ಅಥವಾ ತಾನೇ ತಗ್ಗಿಸಿಕೊಳ್ಳಲು ಪರವಾನಿಗೆ ಸಿಕ್ಕಿತು ಎಂದೇ? ಕನ್ನಡ ಕರ್ತೃಪದವನ್ನು ಬಿಟ್ಟು ವಾಕ್ಯ ಕಟ್ಟಲು ಅವಕಾಶ ಕೊಡುವುದರಿಂದ ‘ಯಾರು’ ತಗ್ಗಿಸಬೇಕು ಎಂಬುದು ಮಾಯವಾಗಿದೆ. ರಕ್ತದೊತ್ತಡದ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸಿದವನ ಮನೆಯಲ್ಲಿ ಈ ವ್ಯಾಕರಣದ ಸೂಕ್ಷ್ಮಕ್ಕೆ ತೆರಬೇಕಾದ ಬೆಲೆ ದೊಡ್ಡದು. ಸೊಲ್ಲಾಪುರ, ಅಕ್ಕಲಕೋಟೆಗಳ ದ್ವಿಭಾಷಿಕ ಓದುಗನಿಗೆ ಮರಾಠಿಯಲ್ಲಿ ಸಂಭವಕ್ಕೆ ‘ಶಕತೇ’ ಎಂದೂ ಅನುಮತಿಗೆ ‘ಚಾಲೇಲ’ ಎಂದೂ ಬೇರೆ ಮಾತುಗಳು ಒದಗುತ್ತವೆ. ಕನ್ನಡದಲ್ಲಿ ಆ ಬೇರ್ಪಾಡನ್ನು ಬರಹಗಾರನೇ ಮಾಡಬೇಕು: ‘ತಗ್ಗಿಸುವ ಸಾಧ್ಯತೆಯನ್ನು ನಿಮ್ಮ ವೈದ್ಯರು ಪರಿಶೀಲಿಸುತ್ತಾರೆ’ ಎಂದು ಕರ್ತೃವನ್ನು ಹೆಸರಿಸಿಯೇ ಬರೆಯಬೇಕು. ವಾಕ್ಯ ಉದ್ದವಾಗುತ್ತದೆ, ಅದರ ಲಾಲಿತ್ಯವೂ ಸ್ವಲ್ಪ ಕುಂದುತ್ತದೆ. ಈ ಪ್ರಕಾರದಲ್ಲಿ ಅದು ನಷ್ಟವಲ್ಲ.

1954ರ ಔಷಧಗಳು ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಮಧುಮೇಹ, ಕ್ಯಾನ್ಸರ್ ಮೊದಲಾದ ಪಟ್ಟಿಯ ರೋಗಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಕಾಯ್ದೆಯ ಕಣ್ಣು ಇರುವುದು ಜಾಹೀರಾತಿನ ಮೇಲೆ. ಪಕ್ಕದ ಅಂಕಣದಲ್ಲಿ ಲೇಖನದ ರೂಪದಲ್ಲಿ ಬರುವ ‘ರಾಮಬಾಣ’ವನ್ನು ಹಿಡಿಯಬೇಕಾದವರು ಸಂಪಾದಕರು ಮತ್ತು ವಿಮರ್ಶಕರು.

ಚಿಟಿಕೆ ಮತ್ತು ಚಮಚ

ಆರೋಗ್ಯ ಗದ್ಯ ಯಶಸ್ವಿಯಾಯಿತೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಬಂಗಾಳಿಯ ಒಂದು ನಿದರ್ಶನ ದಾರಿ ತೋರುತ್ತದೆ. ವಾಂತಿಭೇದಿಯಿಂದ ದೇಹ ಕಳೆದುಕೊಳ್ಳುವ ನೀರು, ಲವಣಗಳನ್ನು ಬಾಯಿಯ ಮೂಲಕವೇ ತುಂಬಬಹುದೆಂಬುದು 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್ ಅವರ ಕೆಲಸದಿಂದ ದೊಡ್ಡ ಪ್ರಮಾಣದಲ್ಲಿ ಸಾಬೀತಾಯಿತು. ಅದನ್ನು ಮನೆಮನೆಗೆ ಮುಟ್ಟಿಸುವುದು ಭಾಷೆಯ ಸಮಸ್ಯೆಯಾಗಿತ್ತು. ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಎಂಬ ಸೂತ್ರ ಲೀಟರಿನ ಪಾತ್ರೆ, ಟೀಚಮಚ ಇರುವ ಮನೆಗೆ ಸರಿ. ಅವಿಲ್ಲದ ಮನೆಗಳಿಗಾಗಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರ ದಶಕದಲ್ಲಿ ಅಳತೆಯನ್ನು ಕೈಗೆ ಅನುವಾದಿಸಿತು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು.

ಚಿಟಿಕೆಯೆಂಬುದು ಅಡುಗೆಮನೆಯ ಮಾತು. ಕನ್ನಡದ ಮನೆಮದ್ದಿನ ಲೇಖನಗಳಲ್ಲಿಯೂ ಅದು ಹೇರಳವಾಗಿ ಬರುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಚಿಟಿಕೆಯನ್ನು ಪರೀಕ್ಷೆಗೆ ಒಡ್ಡಲಾಯಿತು. ತಾಯಂದಿರು ತಾವೇ ಕಲಸಿದ ದ್ರಾವಣದ ಮಾದರಿಗಳಲ್ಲಿ ಉಪ್ಪಿನ ಅಂಶವನ್ನು ಅಳೆಯಲಾಯಿತು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆದುದರಿಂದ ‘ಮೂರು ಬೆರಳು’ ಎಂಬ ವಿಶೇಷಣ ಅಲಂಕಾರವಲ್ಲ, ಅಳತೆ. ಅದಕ್ಕಿಂತಲೂ ಗಮನಾರ್ಹವಾದುದು ಸಂಭಾವನೆಯ ಕ್ರಮ. ಮನೆಗೆ ಹೋಗಿ ಕಲಿಸಿದ ಕಾರ್ಯಕರ್ತೆಯ ಸಂಬಳ ಅವಳು ಎಷ್ಟು ಮನೆಗೆ ಹೋದಳು ಎಂಬುದಕ್ಕಿಂತ, ಆಮೇಲೆ ಕೇಳಿದಾಗ ತಾಯಂದಿರು ಎಷ್ಟನ್ನು ನೆನಪಿಟ್ಟುಕೊಂಡಿದ್ದರು, ದ್ರಾವಣವನ್ನು ಎಷ್ಟು ಸರಿಯಾಗಿ ಮಾಡಿ ತೋರಿಸಿದರು ಎಂಬುದನ್ನು ಅವಲಂಬಿಸಿತ್ತು.

ಹೇಳುವವರ ಕೂಲಿ ಕೇಳಿದವರ ನೆನಪನ್ನು ಅವಲಂಬಿಸುವ ಈ ವ್ಯವಸ್ಥೆಯ ಪಕ್ಕದಲ್ಲಿ ಪದಸಂಖ್ಯೆಗೆ ಸಂಭಾವನೆ ಪಡೆಯುವ ಅಂಕಣದ ವ್ಯವಸ್ಥೆಯನ್ನು ಇಟ್ಟು ನೋಡಿದರೆ ಕನ್ನಡದ ಆರೋಗ್ಯ ಗದ್ಯದ ಸ್ಥಿತಿ ಅರ್ಥವಾಗುತ್ತದೆ. ಪತ್ರಿಕೆಯ ಲೇಖನವನ್ನು ಅದೇ ರೀತಿ ಅಳೆಯಲಾಗದು. ಆದರೆ ವಿಮರ್ಶಕ ಒಂದು ಪ್ರಶ್ನೆಯನ್ನು ಕೇಳಬಹುದು: ಪುಟ ಮಡಚಿಟ್ಟ ಮೇಲೆ ಓದುಗನ ಕೈಯಲ್ಲಿ, ಬಾಯಲ್ಲಿ ಏನು ಉಳಿಯಿತು?

ಗಡಿಯ ಆಚೆ

ಕನ್ನಡದ ಆರೋಗ್ಯ ಅಂಕಣ ತನ್ನ ಓದುಗ ಕರ್ನಾಟಕದಲ್ಲಿಯೇ ಇದ್ದಾನೆಂದು ಊಹಿಸಿಕೊಂಡಿರುತ್ತದೆ. ಅದು ಹೇಳುವ ವಿಮಾ ಯೋಜನೆ ಕರ್ನಾಟಕದ್ದು. ಮಂಜೇಶ್ವರದ ಓದುಗನಿಗೆ ಬೇಕಾದದ್ದು ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ವಿವರ. ಜತ್ತದ ಓದುಗನಿಗೆ ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ವಿವರ. ‘ನಿಮ್ಮ ಹತ್ತಿರದ ಸರಕಾರಿ ಆಸ್ಪತ್ರೆಯನ್ನು ಸಂಪರ್ಕಿಸಿ’ ಎಂಬ ಕೊನೆಯ ಸಾಲು ಅಲ್ಲಿಯ ಆಸ್ಪತ್ರೆ ಕನ್ನಡದಲ್ಲಿ ಮಾತಾಡುತ್ತದೆಂಬ ನಂಬಿಕೆಯಿಂದ ಬರೆದದ್ದು.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶ ನೀಡಿದೆ. ಆ ಹಕ್ಕಿನ ಬೆಲೆ ಕಡಿಮೆಯದಲ್ಲ. ಆದರೆ ನೋವು ಪತ್ರವ್ಯವಹಾರದಲ್ಲಿ ಹೇಳುವ ಸಂಗತಿಯಲ್ಲ. ಅದನ್ನು ಸಾಲಿನಲ್ಲಿ ನಿಂತು, ಮೂರು ನಿಮಿಷದಲ್ಲಿ, ಎದುರಿಗಿರುವವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು.

ಆ ಮಾತುಗಳನ್ನು ಒಮ್ಮೆ ಹೋಲಿಸಿ ನೋಡಬೇಕು. ಕನ್ನಡದ ‘ರಕ್ತದೊತ್ತಡ’ ಮಲಯಾಳದಲ್ಲಿ ‘ರಕ್ತಸಮ್ಮರ್ದಂ’, ಮರಾಠಿಯಲ್ಲಿ ‘ರಕ್ತದಾಬ’, ತೆಲುಗಿನಲ್ಲಿ ‘ರಕ್ತಪೋಟು’. ‘ಕಾಮಾಲೆ’ ತಮಿಳಿನಲ್ಲಿ ‘ಮಂಜಳ್ ಕಾಮಾಲೈ’ಯಾಗಿ ಗುರುತು ಉಳಿಸಿಕೊಳ್ಳುತ್ತದೆ, ಮಲಯಾಳದಲ್ಲಿ ‘ಮಞ್ಞಪ್ಪಿತ್ತಂ’ ಆಗಿ ಬೇರೆಯೇ ದಾರಿ ಹಿಡಿಯುತ್ತದೆ, ಮರಾಠಿಯಲ್ಲಿ ‘ಕಾವೀಳ’. ಕನ್ನಡದ ಬಳಕೆಯಲ್ಲಿ ‘ಕ್ಯಾನ್ಸರ್’ ಎಂದೇ ಉಳಿದದ್ದು ಮಲಯಾಳದ ಬರಹದಲ್ಲಿ ‘ಅರ್ಬುದಂ’, ಮರಾಠಿಯಲ್ಲಿ ‘ಕರ್ಕರೋಗ’, ತಮಿಳಿನಲ್ಲಿ ‘ಪುಟ್ರುನೋಯ್’. ಕಾಸರಗೋಡಿನ ಕನ್ನಡಿಗ ಜ್ವರವೆಂದರೆ ಅಲ್ಲಿ ‘ಪನಿ’.

ಅಪರಿಚಿತ ಪದಕ್ಕಿಂತ ಅಪಾಯಕಾರಿಯಾದದ್ದು ಪರಿಚಿತವೆನಿಸುವ ಪದ. ಮಲಯಾಳದಲ್ಲಿ ‘ಪ್ರಮೇಹಂ’ ಎಂದರೆ ಸಕ್ಕರೆ ಕಾಯಿಲೆ. ಕನ್ನಡದ ಹಳೆಯ ಬಳಕೆಯಲ್ಲಿ ‘ಪ್ರಮೇಹ’, ‘ಮೇಹರೋಗ’ ಎಂಬವು ಲೈಂಗಿಕ ರೋಗದ ನಾಚಿಕೆಯನ್ನು ಹೊತ್ತ ಪದಗಳು. ಆಸ್ಪತ್ರೆಯ ಫಲಕದಲ್ಲಿ ಆ ಪದವನ್ನು ಓದಿದ ಹಿರಿಯ ಕನ್ನಡಿಗ ಅದು ತನ್ನ ಸಕ್ಕರೆ ಕಾಯಿಲೆಯ ವಿಭಾಗವೆಂದು ತಿಳಿಯಲಾರ. ತಿಳಿಯುವ ಮೊದಲು ಮುಜುಗರಪಟ್ಟುಕೊಂಡಾನು. ಹಾಗೆಯೇ ಮರಾಠಿಯ ಆಡುಮಾತಿನಲ್ಲಿ ‘ಪಿತ್ತ’ವೆಂದರೆ ಹೊಟ್ಟೆಯ ಆಮ್ಲದ ತೊಂದರೆ, ಕನ್ನಡದ ಹಲವೆಡೆ ‘ಪಿತ್ತ’ವೆಂದರೆ ತಲೆ ತಿರುಗುವುದು, ಓಕರಿಕೆ. ತಲೆ ತಿರುಗುತ್ತಿರುವವಳು ‘ಪಿತ್ತ’ವೆಂದು ಹೇಳಿ ಆಮ್ಲದ ಮಾತ್ರೆಯೊಡನೆ ಮರಳುವ ಸಾಧ್ಯತೆ ಇಲ್ಲಿದೆ. ಸಂಸ್ಕೃತದಿಂದ ಬಂದ ಸಮಾನ ಪರಿಭಾಷೆ ಭಾರತೀಯ ಭಾಷೆಗಳನ್ನು ಬೆಸೆಯುತ್ತದೆಂಬ ಮಾತನ್ನು ರೋಗಿಯ ಸ್ಥಾನದಿಂದ ಮತ್ತೊಮ್ಮೆ ಪರಿಶೀಲಿಸಬೇಕಾಗಿದೆ.

ಎಲ್ಲ ಭಾಷೆಗಳಿಗೂ ಸಮಾನವಾದ ‘ಗ್ಯಾಸ್’, ‘ಗ್ಯಾಸ್ಟ್ರಿಕ್’ ಎಂಬ ಪದಗಳ ಕಥೆಯೂ ಹೀಗೆಯೇ. ಹೊಟ್ಟೆಯುಬ್ಬರದಿಂದ ಹಿಡಿದು ಎದೆಯ ಹಿಂಡುವ ನೋವಿನವರೆಗೆ ಎಲ್ಲವನ್ನೂ ಅದು ನುಂಗುತ್ತದೆ. ಹೃದಯಾಘಾತದ ನೋವನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗುವ ಅಪಾಯ ಈ ಒಂದು ಪದದಲ್ಲಿ ಅಡಗಿದೆ. ಆದರೆ ಕನ್ನಡದಲ್ಲಿ ನೋವಿಗೆ ಪದಗಳ ಬಡತನವಿಲ್ಲ: ಚುಚ್ಚುವುದು, ಸಿಡಿಯುವುದು, ಹಿಂಡುವುದು, ಉರಿಯುವುದು, ಸೆಳೆಯುವುದು, ಜೋಮು ಹಿಡಿಯುವುದು. ವೈದ್ಯರಿಗೆ ಬೇಕಾದದ್ದು ಇದೇ ವಿಂಗಡಣೆ. ಓದುಗನ ಬಳಿ ಆಗಲೇ ಇರುವ ಈ ಕ್ರಿಯಾಪದಗಳನ್ನು ಹೊರತೆಗೆದು, ‘ಹಿಂಡಿದಂತಾಗಿ ಎಡತೋಳಿಗೋ ದವಡೆಗೋ ಹರಿಯುವ, ಬೆವರು ತರಿಸುವ ನೋವಿದ್ದರೆ ಕಷಾಯಕ್ಕೆ ಕಾಯದೆ ಹೊರಡಿ, ಅಲ್ಲಿ ಹೀಗೆಂದೇ ಹೇಳಿ’ ಎಂದು ಕಲಿಸುವ ಲೇಖನ ಹತ್ತು ಮನೆಮದ್ದಿನ ಪಟ್ಟಿಗಿಂತ ಮೇಲು.

ಹೊರಡುವುದೂ ಗಡಿಯಲ್ಲಿ ಸರಳವಲ್ಲ. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕ ತಲಪಾಡಿಯ ದಾರಿಯನ್ನು ಮುಚ್ಚಿದಾಗ ತುರ್ತು ಚಿಕಿತ್ಸೆಗೆ ಹೊರಟವರೂ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರವುಗೊಳಿಸಲು ನಿರ್ದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಭಾಷೆಯ ಕಾರಣಕ್ಕೆ ಹತ್ತಿರವೆನಿಸುವ ಆಸ್ಪತ್ರೆ ಒಂದು ರಾಜ್ಯದಲ್ಲಿ, ಹಕ್ಕಿನ ಕಾರಣಕ್ಕೆ ತನ್ನದಾದ ಆಸ್ಪತ್ರೆ ಇನ್ನೊಂದು ಭಾಷೆಯಲ್ಲಿ ಎಂಬ ಇಕ್ಕಟ್ಟು ಆ ದಿನಗಳಲ್ಲಿ ಎಲ್ಲರಿಗೂ ಕಂಡಿತು. ಗಡಿನಾಡಿನವರಿಗೆ ಅದು ನಿತ್ಯದ್ದು. ಇದನ್ನು ತಿಳಿಯದ ಆರೋಗ್ಯ ಲೇಖನ, ಮಾಹಿತಿ ಎಷ್ಟೇ ನಿಖರವಾಗಿರಲಿ, ಅವರ ಮಟ್ಟಿಗೆ ಅಪೂರ್ಣ.

ಅಳತೆಗೋಲು

ಅನುಪಮಾ ಅವರ ಕಿವಿಮಾತಿನಿಂದ ಇಂದಿನ ಅಂಕಣ ಕಲಿಯಬೇಕಾದದ್ದು ಅದರ ಶೈಲಿಯನ್ನಲ್ಲ. ಅವರ ಓದುಗಳು ಬದಲಾಗಿದ್ದಾಳೆ. ಯಾರಿಗೆ ಹೇಳುತ್ತಿದ್ದೇನೆ, ಅವಳು ಇದನ್ನು ಓದಿ ಯಾರ ಬಳಿಗೆ ಹೋಗಬೇಕು, ಅಲ್ಲಿ ಯಾವ ಮಾತಿನಲ್ಲಿ ಹೇಳಬೇಕು ಎಂಬ ಎಚ್ಚರವನ್ನು ಕಲಿಯಬೇಕು. ಆ ಎಚ್ಚರಕ್ಕೆ ಅನುಪಮಾ ಅವರ ಕಾಲದಲ್ಲಿ ಮೈಲಿಗೆಯ ಮೌನವನ್ನು ಮುರಿಯುವುದು ಮುಖ್ಯವಾಗಿತ್ತು. ಈಗ ಮಾತಿಗೆ ಕೊರತೆಯಿಲ್ಲ; ಮಾತಿನ ತೂಕವನ್ನು ತಿಳಿಯುವುದು ಮುಖ್ಯವಾಗಿದೆ.

ಗಡಿನಾಡಿನ ಸ್ವತಂತ್ರ ಬರಹಗಾರರಿಗೆ ಇಲ್ಲಿ ಬೆಂಗಳೂರಿನ ಅಂಕಣಕಾರರಿಗಿಲ್ಲದ ಅನುಕೂಲವೊಂದಿದೆ. ಮನೆಯ ಕನ್ನಡ, ಆಸ್ಪತ್ರೆಯ ಮಲಯಾಳ ಅಥವಾ ಮರಾಠಿ ಅಥವಾ ತಮಿಳು ಅಥವಾ ತೆಲುಗು, ಔಷಧಿ ಚೀಟಿಯ ಇಂಗ್ಲಿಷು ಈ ಮೂರನ್ನೂ ಅವರು ದಿನವೂ ದಾಟುತ್ತಾರೆ. ಲೇಖನದಲ್ಲಿ ಪಾರಿಭಾಷಿಕ ಪದ ಮೊದಲ ಸಲ ಬಂದಾಗ ಪಕ್ಕದಲ್ಲಿ ಆ ಊರಿನ ಆಸ್ಪತ್ರೆಯ ಪದವನ್ನೂ ಕನ್ನಡ ಲಿಪಿಯಲ್ಲಿ ಕೊಡುವುದು, ‘ಬಹುದು’ ಬಂದಲ್ಲೆಲ್ಲ ಕರ್ತೃವನ್ನು ಹೆಸರಿಸುವುದು, ಆಯಾ ರಾಜ್ಯದ ಯೋಜನೆಯನ್ನು ಸೂಚಿಸುವುದು, ವೈದ್ಯರಲ್ಲಿ ಕೇಳಬೇಕಾದ ಎರಡು ಪ್ರಶ್ನೆಗಳೊಂದಿಗೆ ಲೇಖನವನ್ನು ಮುಗಿಸುವುದು ಸಣ್ಣ ಕೆಲಸಗಳಂತೆ ಕಾಣುತ್ತವೆ. ಇವು ಅನುವಾದಕನ ಕೆಲಸಗಳು. ಅವುಗಳಿಗೆ ಸಂಶೋಧನಾ ಕೇಂದ್ರಗಳ ನೆರವೂ ಬೇಕು: ಜನಪದ ಗೀತೆ, ಶಾಸನಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಗಡಿನಾಡಿನ ಕನ್ನಡಿಗರು ನೋವನ್ನು ಹೇಳುವ ಮಾತುಗಳನ್ನೂ ಸಂಗ್ರಹಿಸಿ ಒದಗಿಸಬೇಕು.

ಆರೋಗ್ಯ ಲೇಖನವೊಂದನ್ನು ಓದಿ ಮುಗಿಸಿದವನು ವೈದ್ಯರ ಕೋಣೆಯಲ್ಲಿ ಮೊದಲಿಗಿಂತ ಒಂದು ವಾಕ್ಯವನ್ನು ಹೆಚ್ಚು ಸ್ಪಷ್ಟವಾಗಿ ಹೇಳಬಲ್ಲನಾದರೆ, ಒಂದು ಪ್ರಶ್ನೆಯನ್ನು ಹೆಚ್ಚು ಧೈರ್ಯವಾಗಿ ಕೇಳಬಲ್ಲನಾದರೆ, ಆ ಲೇಖನ ಒಳ್ಳೆಯ ಗದ್ಯ. ಓದಿದವನು ವೈದ್ಯರ ಕೋಣೆಗೆ ಹೋಗುವ ಅಗತ್ಯವೇ ಇಲ್ಲವೆಂದು ತಿಳಿದು ಮನೆಯಲ್ಲಿಯೇ ಉಳಿದರೆ, ಅದರ ಭಾಷೆ ಎಷ್ಟೇ ಸೊಗಸಾಗಿದ್ದರೂ ಅದು ಕೆಟ್ಟ ಅನುವಾದ.